ಕಂಬಳಿಯ ಸರಿ ಹಚ್ಚಿದ ಬ್ಯಾಲೆ ಲಂಗ

ಬಟ್ಟೆಯ ವಿಷಯದಲ್ಲಿ ನನ್ನ ಮಾತಿಗೆ ನಮ್ಮ ಮನೆಯಲ್ಲಿ ಕವಡೆ ಕಿಮ್ಮತ್ತಿಲ್ಲ. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಕೊಟ್ಟೂರಿನಿಂದ ಕೂಡ್ಲಿಗಿಯ ಕಚೇರಿಯವರೆಗೆ ಬಸ್ಸಿನಲ್ಲಿ ನೆಮ್ಮದಿಯಾಗಿ ಹೋಗಿಬರುವ ಗುಮಾಸ್ತ ನಾನು. ಇಂಥವನು ಹತ್ತೊಂಬತ್ತನೇ ಶತಮಾನದ ಕೊನೆಯ ಬ್ಯಾಲೆ ಉಡುಪುಗಳಿಗೆ ಮನಸೋತೆ ಎಂದರೆ ಯಾರು ನಂಬುತ್ತಾರೆ? ಆದರೆ ಸೋತದ್ದು ನಿಜ. ಮಗಳು ಪೂರ್ವಿಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ಬ್ಯಾಲೆ ಕುಣಿಯುವ ಪಾಳಿ ಬಂತು. ಅದು ಹೇಗಿರುತ್ತದೆ ನೋಡೋಣ ಎಂದು ಮೊಬೈಲಿನಲ್ಲಿ ಹಳೆಯ ಚಿತ್ರಗಳನ್ನು ತೆರೆದವನು, ತಟ್ಟೆಯಲ್ಲಿನ ಸಾರು ಆರಿ ತಣ್ಣಗಾದರೂ ಕಣ್ಣು ಕೀಳಲಿಲ್ಲ.

ಅದೇನು ಚೆಂದ ಅಂತೀರಿ. ತೆಳ್ಳಗಿನ ಹತ್ತಿ ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪದರದ ಮೇಲೆ ಪದರ ಕೂಡಿಸಿ ಹೊಲಿದ ಲಂಗ. ಮೊದಲು ಮೀನಖಂಡದವರೆಗೆ ಗಂಟೆಯ ಹಾಗೆ ಇಳಿಬಿದ್ದಿತ್ತಂತೆ. ಆಮೇಲೆ ಇಟಲಿಯ ನರ್ತಕಿಯರು ಬೆರಳ ತುದಿಯ ಮೇಲೆ ಗಿರಗಿರನೆ ತಿರುಗತೊಡಗಿದರು; ಆ ಕಾಲಿನ ಕೆಲಸ ಜನಕ್ಕೆ ಕಾಣಬೇಡವೇ? ಲಂಗ ಮೊಣಕಾಲಿನವರೆಗೆ, ಆಮೇಲೆ ಅದರ ಮೇಲಕ್ಕೂ ಏರಿತು. ಅದೇ ಕಾಲಕ್ಕೆ ಅಲ್ಲಿನ ಸಿರಿವಂತ ಹೆಂಗಸರು ಬೆನ್ನ ಕೆಳಗೆ ಮೆತ್ತೆ ಕಟ್ಟಿಕೊಂಡು, ರಸ್ತೆ ಗುಡಿಸುವಷ್ಟು ಉದ್ದದ ಉಡುಪಿನಲ್ಲಿ ಓಡಾಡುತ್ತಿದ್ದರು. ಸೊಂಟ ಬಿಗಿದ ಕುಪ್ಪಸ ಮಾತ್ರ ಇಬ್ಬರಿಗೂ ಒಂದೇ. ಅಷ್ಟು ಬಿಗಿದುಕೊಂಡು ಉಸಿರಾಡುವುದೇ ಕಷ್ಟ, ಇವರು ನಗುತ್ತ ಹಾರುತ್ತಿದ್ದರು. ನಾನು ಬಸ್ಸು ಹಿಡಿಯಲು ಓಡಿದರೆ ಬೆಲ್ಟು ಸಡಿಲಿಸಿಕೊಳ್ಳಬೇಕು. ಆ ಹೆಣ್ಣುಮಕ್ಕಳ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಮೆಚ್ಚಿ ಸುಮ್ಮನಿದ್ದರೆ ಆಗುತ್ತಿತ್ತು. "ದಾವಣಗೆರೆಯಿಂದ ಬಾಡಿಗೆ ಫ್ರಾಕು ಯಾಕೆ? ಅಸಲಿ ಲಂಗ ನಾನೇ ಮಾಡಿಸುತ್ತೇನೆ" ಎಂದುಬಿಟ್ಟೆ. ಪೂರ್ವಿ ಅದನ್ನು ತರಗತಿಗೆಲ್ಲ ಸಾರಿ ಬಂದಳು. ಬಂದವಳು, "ಅಪ್ಪ, ಲಂಗ ಜೋತು ಬಿದ್ರ ನಾ ಕುಣಿಯಾಂಗಿಲ್ಲ. ಎಲ್ಲಾರೂ ನಗ್ತಾರ" ಎಂದು ಖಡಾಖಂಡಿತವಾಗಿ ಹೇಳಿದಳು. ಅಲ್ಲಿಗೆ ನನ್ನ ಮಾನ, ಮಗಳ ಕುಣಿತ ಎರಡೂ ಒಂದು ಲಂಗದ ಬಿರುಸಿಗೆ ನೇತುಬಿದ್ದವು.

ಹೆಂಡತಿ ಶೈಲಾ ಅಟ್ಟದ ಮೇಲಿದ್ದ ಹತ್ತಿಯ ಸೊಳ್ಳೆಪರದೆಯನ್ನು ಇಳಿಸಿ, ಬೈಯುತ್ತಲೇ ಪದರ ಪದರವಾಗಿ ಹೊಲಿದಳು. ಅಕ್ಕಿಯ ಗಂಜಿ ಹಾಕಿದೆವು. ಲಂಗ ಮಳೆಯಲ್ಲಿ ನೆನೆದ ಕೋಳಿಯಂತೆ ಜೋತುಬಿತ್ತು. ಪೂರ್ವಿಯ ಕಣ್ಣಲ್ಲಿ ನೀರು. ಆಗ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅವ್ವ, "ಕಂಬಳಿಗೆ ಹಚ್ಚೋ ಸರಿ ಹಚ್ರಿ, ಹೆಂಗ ನಿಂದ್ರಂಗಿಲ್ಲ ನೋಡಾಣ" ಎಂದಳು. ಅವಳ ತವರು ಚಿಗಟೇರಿಯ ಕುರಿ ಸಾಕುವ ಮನೆ. ಅಲ್ಲಿ ಕಂಬಳಿ ಗಡಸಾಗಲೆಂದು ಹುಣಸೆ ಬೀಜ ಅರೆದು ಕುದಿಸಿ, ಆ ಸರಿಯನ್ನು ಬಳಿದು ಬಿಸಿಲಿಗೆ ಬಿಗಿಯುತ್ತಾರೆ. ಅವ್ವ ಒಂದು ಸಲ ಬಳಿದು ಸಾಕೆಂದಳು. ತಜ್ಞನಾದ ನಾನು, ಇರಲಿ ಎಂದು ಮೇಲೆ ಇನ್ನೊಂದು ಸಲ ಬಳಿದೆ.

ಸಂಜೆಗೆ ಲಂಗ ತಾನೇ ಎದ್ದು ನಿಂತಿತ್ತು. ಖಡಕ್ ರೊಟ್ಟಿಯ ಹಾಗೆ ಅಗಲವಾಗಿ, ಅಂಚು ಒಂದಿಷ್ಟೂ ಬಾಗದೆ. ನಾನು ಅದರ ಸುತ್ತ ನಡೆದು ನಡೆದು ನೋಡಿದೆ. ಶೈಲಾ ಕೂಡ ಬೈಯುವುದನ್ನು ಮರೆತಳು.

ತೊಂದರೆ ಬಂದದ್ದು ಕಾರ್ಯಕ್ರಮದ ದಿನ. ಲಂಗ ತೊಟ್ಟ ಪೂರ್ವಿ ಬೈಕಿನಲ್ಲಿ ಕೂರುವಂತಿಲ್ಲ, ಆಟೊದ ಬಾಗಿಲಲ್ಲಿ ತೂರುವಂತಿಲ್ಲ. ಕೊನೆಗೆ ಲಗೇಜ್ ಆಟೊದ ಹಿಂದೆ ಅವಳನ್ನು ನಿಲ್ಲಿಸಿ, ನಾನು ಪಕ್ಕದಲ್ಲಿ ಹಿಡಿದು ನಿಂತೆ. ಊರಾಚೆಯ ಶಾಲೆಯ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಆಟೊ ನಿಂತಿತು. ನಾನು ಹಿಂಡಿನ ತುದಿ ಎಲ್ಲಿದೆ ಎಂದು ನೋಡುತ್ತಿದ್ದಾಗ, ಒಂದು ಟಗರು ಮುಂಗಾಲನ್ನು ಆಟೊದ ಹಲಗೆಗೆ ಕೊಟ್ಟು, ಹೊರಗೆ ಚಾಚಿದ್ದ ಲಂಗದ ಅಂಚನ್ನು ಬಾಯಿಗೆ ಹಾಕಿ ಪರ್ರನೆ ಎಳೆಯಿತು. ಕುರಿಗಾಹಿ ಓಡಿ ಬಂದು ಅದನ್ನು ಎಳೆದುಕೊಂಡ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ಹುಣಸಿ ಬೀಜದ ವಾಸನಿ ಬಂದ್ರ ಇದು ನನ್ ಕಂಬಳೀನೂ ಬಿಡಂಗಿಲ್ರಿ" ಎಂದ.

ಬಲಗಡೆ ಮೊರದಗಲ ಬಟ್ಟೆ ಮಾಯವಾಗಿತ್ತು. ಪೂರ್ವಿ ಬಗ್ಗಿ ನೋಡಿದಳು. ಬಲಗಾಲನ್ನು ಒಮ್ಮೆ ಮುಂದೆ ಚಾಚಿ, "ಅಪ್ಪ, ಕಾಲು ಕಾಣ್ಲಿ ಅಂತ ಅವ್ರು ಲಂಗ ಗಿಡ್ಡ ಮಾಡಿದ್ರು ಅಂತ ನೀನ ಹೇಳಿದ್ದೆಲ್ಲ? ಈ ಕಾಲು ಚಲೋ ಕಾಣತೈತಿ. ಜೋತಂತೂ ಬಿದ್ದಿಲ್ಲ, ನಡಿ" ಎಂದಳು.

ಕುಣಿದಳು, ಬಲಗಾಲನ್ನೇ ಮುಂದೆ ಮಾಡಿ ಮಾಡಿ ಕುಣಿದಳು. ಬಾಡಿಗೆ ಫ್ರಾಕುಗಳ ನಡುವೆ ಅದೊಂದೇ ಲಂಗ ಬಿಗಿಯಾಗಿ ನಿಂತಿತ್ತು. ಮುಖ್ಯೋಪಾಧ್ಯಾಯಿನಿ ವೇದಿಕೆಯಿಂದ ಕೆಳಗಿಳಿದು ಬಂದು, "ಒಂದು ಕಡಿ ಗಿಡ್ಡ ಬಿಟ್ಟೀರಲ್ರಿ, ಇದು ಹಳೇ ಕಾಲದ ಫ್ಯಾಷನ್ನೇನ್ರಿ?" ಎಂದು ಕೇಳಿದರು. ನಾನು ಮುಖವನ್ನು ಗಂಭೀರ ಮಾಡಿಕೊಂಡು, "ಹೌದ್ರಿ ಮೇಡಂ, ಹತ್ತೊಂಬತ್ತನೇ ಶತಮಾನದ ಕೊನೀದು" ಎಂದೆ. ಬರುವ ವರ್ಷ ಇಡೀ ತರಗತಿಯ ಉಡುಪು ನಿಮ್ಮದೇ ಎಂದು ಅವರು ಅಲ್ಲೇ ಒಪ್ಪಿಸಿಬಿಟ್ಟರು.

ಮನೆಗೆ ಬಂದು ಟಗರಿನ ಕತೆಯಿಂದ ಹಿಡಿದು ಎಲ್ಲವನ್ನೂ ಎದೆಯುಬ್ಬಿಸಿ ಹೇಳಿದೆ. ಅವ್ವ ಎಲೆಗೆ ಸುಣ್ಣ ಸವರುತ್ತ ಕೇಳಿದಳು: "ಹೊಲಿಯಾಕ ಶೈಲಾ ಅದಾಳ, ಸರಿ ಹಚ್ಚಾಕ ನಾ ಅದೀನಿ, ಕತ್ತರ್ಸಾಕ ಆ ಟಗರು ಐತಿ. ನೀ ಏನ್ ಮಾಡ್ತೀಯೋ?"