ರೇಡಿಯೋ ಮಾತು, ಮನೆ ಮಾತು

ಐವತ್ತು ದಾಟಿದ ಗಂಡಸಿಗೆ ತನ್ನ ಮಾತನ್ನು ಯಾರಾದರೂ ಪೂರ್ತಿ ಕೇಳಲಿ ಎಂಬ ಆಸೆಯೊಂದು ಉಳಿದಿರುತ್ತದೆ. ಮನೆಯಲ್ಲಿ ಅದು ನಡೆಯುವ ಕೆಲಸವಲ್ಲ. ನಾನು ಒಂದು ವಾಕ್ಯ ಶುರು ಮಾಡಿದರೆ ಅದನ್ನು ಮುಗಿಸುವವಳು ನನ್ನ ಹೆಂಡತಿ ಗಿರಿಜಾ, ಅದೂ ನಾನು ಮುಗಿಸಬಹುದಾಗಿದ್ದಕ್ಕಿಂತ ಚೆನ್ನಾಗಿ. ತಿಪಟೂರಿನ ನನ್ನ ಮೋಟಾರ್ ವೈಂಡಿಂಗ್ ಅಂಗಡಿಗೆ ಬರುವ ರೈತರಿಗೆ ಸುಟ್ಟ ಮೋಟಾರು ಸಂಜೆಯೊಳಗೆ ತಿರುಗುತ್ತದೋ ಇಲ್ಲವೋ ಎಂಬುದಷ್ಟೇ ಬೇಕು, ನನ್ನ ವಿಚಾರಗಳು ಬೇಡ. ಹೀಗಾಗಿಯೇ ನಾನು ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸ್ ಪಡೆದು, ಹವ್ಯಾಸಿ ರೇಡಿಯೋದವನಾದೆ. ಬಿಳಿಗೆರೆಯ ನಮ್ಮ ತೋಟದಲ್ಲಿ ಎರಡು ತೆಂಗಿನ ಮರಗಳ ನಡುವೆ ತಂತಿ ಎಳೆದು, ಅದರ ತುದಿಯನ್ನು ಕಿಟಕಿಯಿಂದ ಒಳಗೆ ತಂದುಕೊಂಡೆ. ಇದರ ದೊಡ್ಡ ಸುಖವೇನೆಂದರೆ ಮೈಕಿನ ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ನಾನೊಬ್ಬನೇ ಮಾತಾಡಬಹುದು. ನಾನು ‘ಓವರ್’ ಎಂದು ಗುಂಡಿ ಬಿಡುವವರೆಗೆ ಮಿಕ್ಕವರು ಕಾಯಬೇಕು. ಅಷ್ಟು ಹೊತ್ತೂ ನನ್ನ ರೇಡಿಯೋದಲ್ಲಿ ಇನ್ನೊಬ್ಬರ ದನಿ ಕೇಳಿಸುವುದೂ ಇಲ್ಲ. ನನ್ನ ಮಾನ ಕಳೆದದ್ದು ಈ ಕೊನೆಯ ಅನುಕೂಲವೇ.

ದಿನಾ ಬೆಳಿಗ್ಗೆ ಏಳಕ್ಕೆ ನಾವು ಏಳೆಂಟು ಜನ ಗಾಳಿಯಲ್ಲಿ ಸೇರುತ್ತೇವೆ. ಅಲ್ಲಿ ವ್ಯಾಪಾರದ ಮಾತು ಆಡಬಾರದು, ರಾಜಕೀಯ ಆಡಬಾರದು, ಲೈಸೆನ್ಸಿನ ನಿಯಮ. ತೆಂಗಿನ ಸೀಮೆಯಲ್ಲಿ ಕೂತು ಕೊಬ್ಬರಿ ರೇಟು ಎತ್ತದೆ ಅರ್ಧ ಗಂಟೆ ಮಾತಾಡುವುದು ಎಂಥ ಕಷ್ಟವೆಂದು ನೀವೇ ಯೋಚಿಸಿ. ಮಳೆ, ಮೋಡ, ತಂತಿಯ ಉದ್ದ, ಯಾರ ದನಿ ಎಷ್ಟು ಸ್ಪಷ್ಟವಾಗಿದೆ ಎಂಬುದೆಲ್ಲ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಉಳಿಯುವುದು ಸೈನ್ಯ. ಸೈನ್ಯ ರಾಜಕೀಯವೋ ಅಲ್ಲವೋ ಎಂದೇ ನಾವು ಒಂದು ವಾರ ಜಗಳವಾಡಿದ್ದೇವೆ. ಅಲ್ಲವೆಂದು ಗೆದ್ದವನು ನಾನು. ಇಪ್ಪತ್ತು ತುಂಬಿದ ಪ್ರತಿಯೊಬ್ಬರನ್ನೂ, ಗಂಡಾಗಲಿ ಹೆಣ್ಣಾಗಲಿ, ಎರಡು ವರ್ಷ ಸೈನ್ಯಕ್ಕೆ ಕಳಿಸಲೇಬೇಕು ಎಂಬುದು ನನ್ನ ವಾದ. ನನ್ನ ಎದುರಾಳಿ ಕೆಂಕೆರೆಯ ಶಿವಣ್ಣ ಮೇಷ್ಟ್ರು. “ಇಷ್ಟ ಇಲ್ದೋನ ಕೈಗೆ ಬಂದೂಕ ಕೊಟ್ರೆ ಅವನು ಅದನ್ನ ಯಾವ ಕಡೆ ಹಿಡೀತಾನೆ ಬಸಣ್ಣ? ಓವರ್,” ಎನ್ನುತ್ತಿದ್ದರು. ಆಗ ನಾನು ಗುಂಡಿ ಒತ್ತಿ ಶಿಸ್ತು, ತ್ಯಾಗ, ದೇಶ ಎಂದು ನಾಲ್ಕು ನಿಮಿಷ ಬಿಡದೆ ಹೇಳುತ್ತಿದ್ದೆ. ನೀವ್ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ ಎದೆಯ ಅಳತೆ ಒಂದು ಅಂಗುಲ ಕಮ್ಮಿ ಬಂತು ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ ಆ ಒಂದು ಅಂಗುಲದ ಬಗ್ಗೆ ನನಗೇ ವ್ಯಥೆಯಾಗುತ್ತಿತ್ತು.

ನಮ್ಮ ಗುಂಪಿನಲ್ಲಿ ನಿಜವಾಗಿ ಸೈನ್ಯದಲ್ಲಿದ್ದವರು ಒಬ್ಬರೇ, ತುರುವೇಕೆರೆಯ ಹವಾಲ್ದಾರ್ ರಂಗಪ್ಪ. ಇಪ್ಪತ್ತು ವರ್ಷ ಗಡಿಯಲ್ಲಿ ವೈರ್‌ಲೆಸ್ ಸೆಟ್ಟು ಹೊತ್ತು ತಿರುಗಿದವರು. ವಾದ ಕಾವೇರಿದಾಗ ನಾನೂ ಮೇಷ್ಟ್ರೂ ಅವರ ಅಭಿಪ್ರಾಯ ಕೇಳುತ್ತಿದ್ದೆವು. ಅವರು ಗುಂಡಿ ಒತ್ತಿ, “ಅಲ್ಲಿ ಚಳಿ ಜಾಸ್ತಿ ಕಣಪ್ಪ. ಓವರ್,” ಎನ್ನುತ್ತಿದ್ದರು. ಆರು ವರ್ಷದಿಂದಲೂ ಅಷ್ಟೇ. ಈ ಮನುಷ್ಯನಿಗೆ ದೇಶಭಕ್ತಿ ಸಾಲದು ಎಂದು ನಾನು ಗಿರಿಜಾಗೆ ಹೇಳಿದ್ದುಂಟು.

ಇಷ್ಟರಲ್ಲಿ ನಮ್ಮ ಒಬ್ಬಳೇ ಮಗಳು ಚೇತನಾ ಡಿಗ್ರಿ ಮುಗಿಸಿದಳು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಳು, ಖಾಕಿ ಹಾಕಿಕೊಂಡು ಓಡುತ್ತಾಳೆ, ಆರೋಗ್ಯಕ್ಕೆ ಒಳ್ಳೆಯದು ಎಂದುಕೊಂಡಿದ್ದೆ. ಒಂದು ದಿನ ಫೋನು ಹಿಡಿದುಕೊಂಡು ಬಂದು, ಸೈನ್ಯದ ಅಧಿಕಾರಿಗಳ ಆಯ್ಕೆಗೆ ತಾನು ಅರ್ಜಿ ಹಾಕಿರುವುದನ್ನೂ ಸಂದರ್ಶನಕ್ಕೆ ಕರೆ ಬಂದಿರುವುದನ್ನೂ ತೋರಿಸಿದಳು. “ಅಪ್ಪ, ನೀನು ಹೂಂ ಅನ್ನದೆ ನಾನು ಹೋಗಲ್ಲ. ಆದ್ರೆ ನೀನು ಹೂಂ ಅಂತೀಯ ಅಂತ ಗೊತ್ತು, ದಿನಾ ಬೆಳಿಗ್ಗೆ ಹೇಳ್ತೀಯಲ್ಲ,” ಎಂದಳು. “ಅದು ರೇಡಿಯೋ ಮಾತು ಕಣವ್ವ,” ಎಂದೆ. ಅವಳು ಒಳಗೆ ಹೋದಳು. ಅದಾದ ಮೇಲೆ ಒಂದು ವಾರ ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ರೇಡಿಯೋದಲ್ಲಿ ಮಾತ್ರ ವಾದ ಮುಂದುವರಿಸಿದ್ದೆ, ನಿಲ್ಲಿಸಿದರೆ ಮೇಷ್ಟ್ರು ಗೆದ್ದಂತಾಗುತ್ತದೆ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಸರದಿ ಮುಗಿಸಿ, ಅಭ್ಯಾಸದಂತೆ ಮೈಕನ್ನು ಮೇಜಿನ ಅರ್ಧ ತೆರೆದ ಡ್ರಾಯರಿನ ಸಂದಿಗೆ ಸಿಕ್ಕಿಸಿ ಕೂತಿದ್ದೆ. ಗಿರಿಜಾ ರೊಟ್ಟಿಯ ತಟ್ಟೆ ತಂದವಳು ಕೈ ಖಾಲಿಯಿಲ್ಲದ್ದರಿಂದ ಡ್ರಾಯರನ್ನು ಸೊಂಟದಲ್ಲಿ ತಳ್ಳಿದಳು. ಬೇಕೆಂದೇ ತಳ್ಳಿದಳೇ ಎಂದು ಇವತ್ತಿಗೂ ನನಗೆ ಅನುಮಾನವಿದೆ. “ಮಗಳು ಒಂದು ವಾರದಿಂದ ಸರಿಯಾಗಿ ಉಣ್ತಿಲ್ಲ. ಹೋಗು ಅಂತೀರೋ, ಬೇಡ ಅಂತೀರೋ, ಏನಾದ್ರೂ ಒಂದು ಅನ್ನಿ,” ಎಂದಳು. ನಾನು ಸಿಡಿದೆ. “ಹೆಂಗೆ ಅನ್ಲಿ ಹೇಳೆ? ಅವಳಿಗೇನಾದ್ರೂ ಆದ್ರೆ ನಾನು ಬದುಕಿರ್ತೀನಾ? ಬೇರೆಯವ್ರ ಮಕ್ಳನ್ನ ಕಳ್ಸೋದು ಸುಲಭ ಕಣೇ, ಬಾಯಿ ಇದ್ರೆ ಸಾಕು. ನಾನೇ ಹೋದೋನಲ್ಲ. ಎದೆ ಅಳತೇನೂ ಇಲ್ಲ, ಮಣ್ಣೂ ಇಲ್ಲ. ಸೈನ್ಯಕ್ಕೆ ಸೇರ್ತೀನಿ ಅಂತ ರೈಲು ಹತ್ತಿ, ಅರಸೀಕೆರೆ ಸ್ಟೇಷನ್ನಿನಾಗೆ ಅವ್ವನ್ನ ನೆನೆಸ್ಕೊಂಡು ಅಳು ಬಂದು, ಇಳಿದು ವಾಪಸ್ ಬಂದೋನು ನಾನು.” ಒಳಗೆ ಚಾರ್ಜಿಗೆ ಹಾಕಿದ್ದ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಗಿರಿಜಾ ತಟ್ಟೆ ಕೆಳಗಿಟ್ಟು, “ರೀ, ಆ ಪೆಟ್ಟಿಗೇಲಿ ಕೆಂಪು ದೀಪ ಯಾಕೆ ಉರೀತೈತೆ?” ಎಂದಳು.

ಕೆಂಪು ದೀಪ ಉರಿದರೆ ಗುಂಡಿ ಒತ್ತಿದೆ ಎಂದರ್ಥ. ಡ್ರಾಯರಿನ ಸಂದಿಯಲ್ಲಿ ಮೈಕಿನ ಗುಂಡಿ ಅದುಮಿಕೊಂಡು ನನ್ನ ಮಾತೆಲ್ಲ ಅವರಿಗೆ ಕೇಳಿಸಿತ್ತು, ಫೋನು ಹೊಡೆದುಕೊಂಡದ್ದೂ ನನ್ನನ್ನು ಎಚ್ಚರಿಸಲಿಕ್ಕೇ. ಡ್ರಾಯರ್ ಎಳೆದೆ. ದೀಪ ಆರಿತು. ಸಾಮಾನ್ಯವಾಗಿ ನಾನು ಗುಂಡಿ ಬಿಡುವುದನ್ನೇ ಕಾಯುವ ಮೇಷ್ಟ್ರೂ ಸುಮ್ಮನಿದ್ದರು, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾದದ್ದು. ಓಟ ಮುಗಿಸಿ ಬಂದ ಚೇತನಾ ಶೂ ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತಿದ್ದಳು. ಅವಳು ಯಾವಾಗ ಬಂದಳೋ ಗೊತ್ತಿಲ್ಲ, ಅವಳ ಮುಖ ನೋಡಿದರೆ ಎಲ್ಲ ಕೇಳಿಸಿಕೊಂಡ ಹಾಗಿತ್ತು. ಆಗ ರಂಗಪ್ಪನವರ ದನಿ ಬಂತು.

“ಬಸಣ್ಣ, ನಾನು ಸೈನ್ಯಕ್ಕೆ ಹೊರಟಾಗ ನಮ್ಮಪ್ಪ ನನ್ನ ಮುಂದೆ ಒಂದು ಮಾತೂ ಆಡ್ಲಿಲ್ಲ. ಕಲ್ಲು ನಿಂತಂಗೆ ನಿಂತಿದ್ದ. ಆಮೇಲೆ ಕೊಟ್ಟಿಗೆಗೆ ಹೋಗಿ, ಎತ್ತಿನ ಕೊರಳು ಹಿಡ್ಕೊಂಡು ನೀನಂದಂಗೇ ಅಂದ್ನಂತೆ. ನಂಗೆ ಗೊತ್ತಾಗಿದ್ದು ಅವನು ತೀರ್ಕೊಂಡ ಮೇಲೆ, ಅವ್ವ ಹೇಳಿದಾಗ. ಇಪ್ಪತ್ತು ವರ್ಷ ಅಪ್ಪಂಗೆ ನಾನು ಬೇಕಿಲ್ಲ ಅಂದ್ಕೊಂಡೇ ಆ ಚಳೀಲಿ ಕೂತಿದ್ದೆ. ನಿನ್ನ ಮಗಳಿಗೆ ಹೋಗೋ ಮುಂಚೇನೇ ಗೊತ್ತಾಯ್ತು ಬುಡು. ಓವರ್.”

ಓವರ್ ಎಂದರೆ ಸರದಿ ನನ್ನದು. ಎಲ್ಲರೂ ಕಾಯುತ್ತಿದ್ದರು. ಗುಂಡಿ ಒತ್ತಿ ಹಿಡಿದೆ. ಬಾಗಿಲಲ್ಲಿ ನಿಂತವಳನ್ನು ನೋಡಿದೆ. ಎರಡು ಮಾರು ದೂರದಲ್ಲಿದ್ದ ಮಗಳಿಗೆ ಎದುರಾಗಿ ಹೇಳಲು ಧೈರ್ಯ ಸಾಲದೆ, “ಅವಳು ಹೋಗ್ತಾಳೆ. ಓವರ್,” ಎಂದು ರೇಡಿಯೋದವರಿಗೆ ಹೇಳಿದೆ. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು, ರೊಟ್ಟಿ ಆರಿಹೋಯ್ತು ಎಂದು ನನ್ನನ್ನೇ ಬೈದಳು.

ಚೇತನಾ ಆಯ್ಕೆಯಾದಳು. ತರಬೇತಿಗೆಂದು ಚೆನ್ನೈಗೆ ಹೊರಟ ದಿನ ಅವಳ ಟ್ರಂಕನ್ನು ನಾನೇ ಹೊತ್ತು ತಿಪಟೂರು ಸ್ಟೇಷನ್ನಿಗೆ ಹೋದೆ. ಬೆಳಿಗ್ಗೆ ರೇಡಿಯೋದಲ್ಲಿ ಮೇಷ್ಟ್ರು ಅವಳಿಗೆ ಒಳ್ಳೆಯದಾಗಲಿ ಎಂದು ಎರಡು ನಿಮಿಷ ಹಾರೈಸಿದ್ದರು, ರಂಗಪ್ಪನವರು ಒಂದು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದರು. ಚೆನ್ನೈಯಲ್ಲಿ ಉಣ್ಣೆ ಯಾಕೆ ಎಂದು ನಾನು ಕೇಳಲಿಲ್ಲ, ಮುಂದೆ ಬೇಕಾಗುತ್ತದೆ ಎಂದು ಅವರಿಗೆ ಗೊತ್ತು. ರೈಲು ಬಂತು. ಚೇತನಾ ಹತ್ತಿ ಕಿಟಕಿಯ ಹತ್ತಿರ ಕೂತಳು. ನಾನು ಕಂಬಿ ಹಿಡಿದು, ಎದೆಯನ್ನು ಒಂದು ಅಂಗುಲ ಉಬ್ಬಿಸಿ, “ಧೈರ್ಯವಾಗಿ ಹೋಗಿ ಬಾ. ನಂಗೇನೂ ಭಯ ಇಲ್ಲ,” ಎಂದೆ.

ಅವಳು ನನ್ನನ್ನೇ ನೋಡಿ, “ಅಪ್ಪ, ಇದು ರೇಡಿಯೋ ಮಾತಾ, ಮನೆ ಮಾತಾ?” ಎಂದಳು.

“ರೇಡಿಯೋ ಮಾತೇ ಕಣವ್ವ,” ಎಂದೆ.