ವಾಪಸ್ ಕೇಳಿದ ತಾಂಬೂಲ

೨೦೧೪ರ ಆಗಸ್ಟ್ ಎಂಟು, ಶುಕ್ರವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ದುಬೈಯ ಊದ್ ಮೇಥಾದಲ್ಲಿರುವ ನಮ್ಮ ಫ್ಲ್ಯಾಟ್. ಹಾಜರಿದ್ದವರು ನಾನು, ನಮ್ಮ ಯಜಮಾನರಾದ ವಾಸುದೇವರಾಯರು ಮತ್ತು ಕಲಶದಲ್ಲಿ ಕುಳಿತ ವರಮಹಾಲಕ್ಷ್ಮಿ. ಮೂವರಲ್ಲಿ ಸ್ನಾನವಾಗದೆ ಇದ್ದವರು ಯಜಮಾನರೊಬ್ಬರೇ. ಹೀಗೆ ದಿನ, ಹೊತ್ತು, ಹಾಜರಿ ಹೇಳದೆ ನನಗೆ ಯಾವ ಸಂಗತಿಯನ್ನೂ ಶುರು ಮಾಡಲು ಬರುವುದಿಲ್ಲ. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಮುಖ್ಯ ದಾದಿಯಾಗಿದ್ದು ನಿವೃತ್ತಳಾದವಳು ನಾನು. ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದ ಮನುಷ್ಯನನ್ನು ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಆದರೆ ಈ ವಯಸ್ಸಿನಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕಾಗಿದೆ. ಅಶಿಸ್ತಿನವರು ಮಾಡುವ ತಪ್ಪು ಅವರ ಮನೆಯೊಳಗೇ ಎಲ್ಲೆಲ್ಲೋ ಚೆಲ್ಲಾಡಿ ಬಿದ್ದಿರುತ್ತದೆ. ಶಿಸ್ತಿನವರ ತಪ್ಪು ಹಾಗಲ್ಲ. ಅದು ಅಚ್ಚುಕಟ್ಟಾಗಿ ಪೊಟ್ಟಣ ಕಟ್ಟಿಸಿಕೊಂಡು, ಅರಿಶಿನ ಕುಂಕುಮದೊಡನೆ, ಹೊತ್ತಿಗೆ ಸರಿಯಾಗಿ ಊರವರ ಮನೆಗೆ ತಲುಪಿರುತ್ತದೆ.

ಈ ಊರಿನಲ್ಲಿ ಚಿನ್ನ ಸಿಗುವಷ್ಟು ಸುಲಭವಾಗಿ ವೀಳ್ಯದೆಲೆ ಸಿಗುವುದಿಲ್ಲ. ಪಾನ್ ಜಗಿದು ಕಂಡಕಂಡ ಗೋಡೆಗೆ ಉಗಿದವರ ದೆಸೆಯಿಂದ ಎಲೆಯೆಂದರೇ ಮುನಿಸಿಪಾಲಿಟಿಗೆ ಅನುಮಾನ. ಬರ್ ದುಬೈಯ ಗಲ್ಲಿಯ ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ, ಅತ್ತಿತ್ತ ನೋಡಿ, ನಮ್ಮ ಮೇಲೆ ಉಪಕಾರ ಮಾಡಿದವನಂತೆ ಕೊಡುತ್ತಾನೆ. ಹಬ್ಬದ ಹಿಂದಿನ ಸಂಜೆ ಯಜಮಾನರನ್ನು ಕಳಿಸಿದೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಯೊಂದರಲ್ಲಿ ಸರಕು ತಪಾಸಣೆ ಮಾಡುವ ಈ ಮಹಾಶಯರು ಹೊತ್ತು ತಂದ ಕಟ್ಟಿನಲ್ಲಿ ಅರ್ಧದಷ್ಟು ಎಲೆ ಕಪ್ಪಾಗಿ ಕೊಳೆತಿತ್ತು. “ಮೇಲಿನದು ಚೆನ್ನಾಗಿತ್ತಲ್ಲ,” ಎಂದರು. ಉಳಿದದ್ದನ್ನು ಹಂಚಿದರೆ ತಾಂಬೂಲದ ಚೀಲಕ್ಕೆ ಒಂದೊಂದೇ ಎಲೆ. ಮುತ್ತೈದೆಗೆ ಒಂಟಿ ಎಲೆ ಕೊಡುವುದುಂಟೆ?

ನಾನು ಹೀಗೆ ಚಿಂತೆಯಲ್ಲಿ ಕುಳಿತು ಎಲೆ ಒರೆಸುತ್ತಿದ್ದಾಗ ಎದುರು ಮನೆಯ ಫ್ಲೋರಾ ಬಂದರು. ಎದುರು ಮನೆಯಲ್ಲಿರುವವಳು ನಿಲ್ದಾ ಎಂಬ ಪೆರು ದೇಶದ ಹುಡುಗಿ. ಹೋಟೆಲೊಂದರಲ್ಲಿ ಕೇಕ್ ಮಾಡುವ ಕೆಲಸ. ಅವಳ ತಾಯಿ ಈ ಫ್ಲೋರಾ, ವಿಸಿಟ್ ವೀಸಾದಲ್ಲಿ ಆಗಷ್ಟೇ ಬಂದಿದ್ದವರು. ಹೆಸರು ಕೇಳಿದರೆ ನಮ್ಮ ಮೂಡುಬಿದಿರೆಯ ಕ್ರಿಸ್ತಿಯನ್ ಬಾಯಮ್ಮನೇ ಎನ್ನಬೇಕು, ಆದರೆ ಊರು ಮೋಡಕ್ಕಿಂತ ಮೇಲಿನ ಬೆಟ್ಟದಲ್ಲಂತೆ. ಅವರ ಭಾಷೆ ನನಗೆ ಬರದು, ನನ್ನದು ಅವರಿಗೆ ಬರದು. ಹಾಗಾಗಿ ನಮ್ಮಿಬ್ಬರಲ್ಲಿ ಒಮ್ಮೆಯೂ ಜಗಳವಾಗಿರಲಿಲ್ಲ. ನಾನು ಎಲೆಯ ತೊಟ್ಟು ಮುರಿದು ಜೋಡಿಸುವುದನ್ನು ನೋಡುತ್ತ ನಿಂತ ಆಕೆಯ ಮುಖ ಅರಳಿತು. ಓಡಿಹೋಗಿ ಬಣ್ಣದ ನೂಲಿನಲ್ಲಿ ನೇಯ್ದ ಒಂದು ಚೀಲ ತಂದರು. ಒಳಗೆ ಒಣಗಿದ ಹಸಿರು ಎಲೆಗಳು, ಬೆರಳುದ್ದವೂ ಇಲ್ಲ. ಅದರಲ್ಲಿ ಒಡೆಯದ, ಮಚ್ಚೆಯಿಲ್ಲದ ಮೂರು ಎಲೆಗಳನ್ನು ಹುಡುಕಿ, ಬೀಸಣಿಗೆಯ ಹಾಗೆ ಜೋಡಿಸಿ, ತುಟಿಯ ಹತ್ತಿರ ಹಿಡಿದು ಏನೋ ಪಿಸುಗುಟ್ಟಿ, ಮೆಲ್ಲಗೆ ಉಸಿರು ಊದಿ, ಎರಡೂ ಕೈ ಸೇರಿಸಿ ನನಗೆ ಕೊಟ್ಟರು.

ನಾನು ಕರಗಿಹೋದೆ. ಭೂಮಿಯ ಆಚೆ ಬದಿಯಲ್ಲೂ ಎಲೆ ಕೊಟ್ಟು ಮರ್ಯಾದೆ ಮಾಡುವ ಜನರಿದ್ದಾರೆ! ಆಮೇಲೆ ಅಭಿನಯ ಶುರುವಾಯಿತು. ಬೆಟ್ಟ ಹತ್ತಿದರು, ಏದುಸಿರು ಬಿಟ್ಟರು, ತಲೆ ಹಿಡಿದುಕೊಂಡರು. ಎಲೆಯನ್ನು ಕೆನ್ನೆಯೊಳಗೆ ಒತ್ತಿಕೊಂಡ ಹಾಗೆ ಮಾಡಿ, ನೆಟ್ಟಗೆ ನಿಂತು ನಕ್ಕರು. ಚೀಲದ ತಳದಿಂದ ಬೂದಿಯ ಉಂಡೆಯೊಂದನ್ನು ತೆಗೆದು, ಎಲೆಯ ಜೊತೆ ಇದನ್ನೂ ಚೂರು ಕಚ್ಚಬೇಕೆಂದು ತೋರಿಸಿದರು. ನಮ್ಮ ಸುಣ್ಣ! ಒಂದಿಷ್ಟು ಎಲೆಗಳನ್ನು ಬಟ್ಟೆಯ ಮೇಲೆ ಉದುರಿಸಿ, ಬಿದ್ದ ರೀತಿ ನೋಡಿ, ನನ್ನ ಮುಖ ನೋಡಿ, ಗಂಭೀರವಾಗಿ ಏನೋ ಹೇಳಿದರು. ನಮ್ಮೂರಿನಲ್ಲಿ ಜೋಯಿಸರು ತಾಂಬೂಲಪ್ರಶ್ನೆಗೆ ಕುಳಿತು ವೀಳ್ಯದೆಲೆ ನೋಡಿ ಮನೆಯ ಕಷ್ಟ ಹೇಳುವುದು ಇದೇ ಠೀವಿಯಲ್ಲಿ. ಆಕೆ ನನಗೆ ಏನು ಭವಿಷ್ಯ ಹೇಳಿದರೋ ತಿಳಿಯದು. ತಿಳಿದಿದ್ದರೆ ಮರುದಿನ ಬಾಗಿಲೇ ತೆಗೆಯುತ್ತಿರಲಿಲ್ಲ. ಲೇಬಲ್ ಇಲ್ಲದ ಸೀಸೆಯನ್ನು ಮುಟ್ಟಬಾರದೆಂದು ನರ್ಸಿಂಗ್ ಹುಡುಗಿಯರಿಗೆ ಜೀವಮಾನವಿಡೀ ಹೇಳಿದ ನಾನು, ಆ ಎಲೆಯ ಹೆಸರು ಕೇಳಲಿಲ್ಲ. ಸನ್ನೆಯಲ್ಲಿ ಅಪ್ಪಣೆ ಬೇಡಿದೆ, ಆಕೆ ಸಂತೋಷದಿಂದ ಬೊಗಸೆ ತುಂಬ ಸುರಿದರು. ಪ್ರತಿ ತಾಂಬೂಲದ ಚೀಲಕ್ಕೂ ತೆಂಗಿನಕಾಯಿ, ರವಿಕೆ ಬಟ್ಟೆ, ಅಡಿಕೆ, ಒಂದು ವೀಳ್ಯದೆಲೆ, ಕೊರತೆ ತುಂಬಲು ಫ್ಲೋರಾರ ಮೂರು ಎಲೆ.

ಆಗಸ್ಟಿನಲ್ಲಿ ಅರ್ಧ ದುಬೈ ರಜೆಯ ಮೇಲೆ ಊರಿಗೆ ಹೋಗಿರುತ್ತದೆ. ಕರೆದವರಲ್ಲಿ ಬಂದವರು ಇಬ್ಬರೇ. ಒಬ್ಬಳು ಕೆಳಗಿನ ಮಹಡಿಯ ಝುಬೈದಾ, ಉಳ್ಳಾಲದ ಬ್ಯಾರಿ ಹೆಣ್ಣು. ನನ್ನ ಹಬ್ಬಕ್ಕೆ ಅವಳು ಬಾರದೆ ಇರುವುದಿಲ್ಲ, ಅವಳ ಈದ್ ಬಿರಿಯಾನಿಗೆ ನಮ್ಮವರು ಹೋಗದೆ ಇರುವುದಿಲ್ಲ. ಇನ್ನೊಬ್ಬಳು ಪ್ರಮೀಳಾ, ನನ್ನ ಹಳೆಯ ಗೆಳತಿ. ಮಗಳ ನಿಶ್ಚಿತಾರ್ಥಕ್ಕೆಂದು ಅವತ್ತೇ ಸಂಜೆಯ ವಿಮಾನದಲ್ಲಿ ಮಂಗಳೂರಿಗೆ ಹೊರಟಿದ್ದಳು. “ನಿಮ್ಮ ಕೈಯ ತಾಂಬೂಲ ತಗೊಂಡೇ ಹೋಗುದು ಅಂತ ಇದ್ದೆ ಸಿಸ್ಟರ್,” ಎಂದು ಕಾಲಿಗೆ ನಮಸ್ಕಾರ ಮಾಡಿ ಹೋದಳು.

ಮಧ್ಯಾಹ್ನ, ನಿಲ್ದಾ ಬೆಳಗಿನ ಪಾಳಿ ಮುಗಿಸಿ ಪ್ರಸಾದಕ್ಕೆ ಬಂದಳು. ಕಲಶದ ಮುಂದಿನ ತಟ್ಟೆಯಲ್ಲಿಟ್ಟ ಫ್ಲೋರಾರ ಎಲೆ ನೋಡಿದವಳೇ ಹಿಂದೆ ತಿರುಗಿ ಬಾಗಿಲಿನ ಚಿಲಕ ಹಾಕಿದಳು.

“ಆಂಟಿ, ಇದು ಎಲ್ಲಿಂದ ಬಂತು?”

“ನಿನ್ನ ಅಮ್ಮ ಕೊಟ್ಟದ್ದು.”

“ಊರಲ್ಲೇ ಬಿಟ್ಟು ಬಂದೆ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದಳು! ಆಂಟಿ, ಇದು ಕೋಕಾ.”

ನನ್ನ ತರಬೇತಿಯ ಕಾಲದಲ್ಲಿ ಆ ಗಿಡದಿಂದ ತೆಗೆದ ಮದ್ದು ಮೂಗಿನ ಶಸ್ತ್ರಚಿಕಿತ್ಸೆಗೆಂದು ಕಪಾಟಿನೊಳಗಿನ ಕಪಾಟಿನಲ್ಲಿ ಇರುತ್ತಿತ್ತು. ಅದರ ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ಅದೇ ಗಿಡವನ್ನು ಈಗ ಅಕ್ಷತೆ ಹಾಕಿ ಹಂಚಿದ್ದೆ.

ನಿಲ್ದಾ ಅಳುತ್ತಲೇ ಹೇಳಿದಳು. ಅವರ ಊರಿನ ಸಂತೆಯಲ್ಲಿ ಇದನ್ನು ಗೋಣಿಯಲ್ಲಿಟ್ಟು ಮಾರುತ್ತಾರಂತೆ. ಎತ್ತರದ ಗಾಳಿ ಒಗ್ಗದೆ ತಲೆ ತಿರುಗುವ ಪ್ರವಾಸಿಗಳಿಗೆ ಹೋಟೆಲಿನವರೇ ಇದರ ಚಹಾ ಕೊಡುತ್ತಾರಂತೆ. ಗಣಿಗೆ ಇಳಿಯುತ್ತಿದ್ದ ಅವಳ ಅಜ್ಜ ಹಸಿವು, ದಣಿವು ಮರೆಯಲು ಕೆನ್ನೆಯಲ್ಲಿ ಇದನ್ನೇ ಇಟ್ಟುಕೊಳ್ಳುತ್ತಿದ್ದರಂತೆ. ಹೆಣ್ಣು ಕೇಳಲು ಹೋಗುವಾಗ, ಮನೆಗೆ ಪಾಯ ಹಾಕುವಾಗ, ಬಿತ್ತುವ ಮೊದಲು ಭೂಮಿತಾಯಿಗೆ ಇದೇ ಮೂರು ಎಲೆ. “ಎಲೆ ಬೇರೆ, ಜನ ಮೂಗಿಗೆ ಏರಿಸುವ ಆ ಪುಡಿ ಬೇರೆ ಆಂಟಿ. ಆದರೆ ಅದನ್ನು ಇಲ್ಲಿ ಯಾರಿಗೆ ಹೇಳಲಿ? ಅಲ್ಲಿ ಇದು ನಮಸ್ಕಾರ. ಇಲ್ಲಿ ಜೈಲು.”

“ಅಫೀಮಿನ ಗಿಡದ್ದು ಅಂತ ಗಸಗಸೆ ತಂದವರನ್ನೇ ಒಳಗೆ ಹಾಕ್ತಾರೆ ಇಲ್ಲಿ,” ಎಂದರು ಯಜಮಾನರು. ಊರಿಂದ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಗಸಗಸೆಯ ವಿಷಯ ಒಂದು ಗಂಟೆ ಪಾಠ ಮಾಡುತ್ತಿದ್ದವಳು ನಾನೇ ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಮುಖದಲ್ಲಿ ಬರೆದಿತ್ತು.

ಮೊದಲು ಝುಬೈದಾಳ ಮನೆಗೆ ಇಳಿದೆ. ಅವಳು ಕುರ್ಚಿಯ ಮೇಲೆ ನಿಂತು ಮನೆಯ ಪರದೆಗಳನ್ನೆಲ್ಲ ಕಳಚುತ್ತಿದ್ದಳು.

“ಬನ್ನಿ ಸಿಸ್ಟರ್. ಎಂತ ಎಲೆ ಮಾರಾಯ್ರೆ ಅದು? ಸುಣ್ಣ ಹಚ್ಚಿ ಕೆನ್ನೆಗೆ ಇಟ್ಟದ್ದೇ ಇಟ್ಟದ್ದು, ಅರ್ಧ ನಾಲಗೆ ಎಲ್ಲಿ ಉಂಟೂಂತ ಗೊತ್ತಾಗ್ಲಿಲ್ಲ!”

“ಎಲ್ಲ ತಿಂದೆಯಾ?”

“ಎಲ್ಲ ಖಲಾಸ್. ಬೆಳಿಗ್ಗೆಯ ಮಂಡೆಬೇನೆಯೂ ಖಲಾಸ್. ಇನ್ನೆರಡು ಉಂಟಾ?”

ನಾನು ಅವಳ ಮಣಿಕಟ್ಟು ಹಿಡಿದು ಗಡಿಯಾರ ನೋಡಿದೆ. ನಾಡಿ ಸರಿಯಾಗಿತ್ತು. ಮೂರು ಎಲೆಯಿಂದ ನಾಲಗೆ ಜುಮ್ಮೆನ್ನುವುದಕ್ಕಿಂತ ಹೆಚ್ಚಿನದೇನೂ ಆಗದೆಂದು ನನ್ನ ಬುದ್ಧಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಪರದೆ ಕಳಚುತ್ತಿದ್ದದ್ದು ಎಲೆಯ ಪ್ರಭಾವವೋ ಅವಳ ಸ್ವಭಾವವೋ ಹೇಳುವುದು ಕಷ್ಟ.

“ಕೈ ಯಾಕೆ ಹಿಡ್ಕೊಂಡದ್ದು? ನನಗೆ ಎಂತ ಆಗಿದೆ?”

“ಏನಿಲ್ಲ, ಪ್ರೀತಿಯಿಂದ.”

“ಹತ್ತು ವರ್ಷದಲ್ಲಿ ಇಲ್ಲದ ಪ್ರೀತಿ!” ಎಂದು ಅವಳು ಮತ್ತೆ ಕುರ್ಚಿ ಹತ್ತಿದಳು.

ಅಲ್ಲಿ ಸಾಕ್ಷ್ಯವೇ ಜೀರ್ಣವಾಗಿತ್ತು. ಉಳಿದವಳು ಪ್ರಮೀಳಾ. ಫೋನ್ ಮಾಡಿದರೆ ಎತ್ತಲಿಲ್ಲ. ಯಜಮಾನರೊಡನೆ ಕಾರು ಹತ್ತಿ ವಿಮಾನ ನಿಲ್ದಾಣಕ್ಕೆ ಹೊರಟೆ. ಅವಳ ಕೈಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ, ಆಚೆ ಬದಿಯಲ್ಲಿ ಯಾರೋ ಅದನ್ನು ಬಿಚ್ಚಿ, “ಇದೇನು?” ಎಂದು ಕೇಳುವುದು, ಅವಳು ನಗುತ್ತ, “ನಮ್ಮ ಸಿಸ್ಟರ್ ಕೊಟ್ಟ ಪ್ರಸಾದ” ಎನ್ನುವುದು, ಅಲ್ಲಿ ನಿಶ್ಚಿತಾರ್ಥದ ಮನೆಯಲ್ಲಿ ಹುಡುಗಿ ತಾಯಿಗಾಗಿ ಕಾಯುವುದು. ದಾರಿಯುದ್ದಕ್ಕೂ ಇದೇ ಕಣ್ಣಮುಂದೆ. ಶುಕ್ರವಾರದ ಖಾಲಿ ರಸ್ತೆಯಲ್ಲಿ ಯಜಮಾನರು ವೇಗಮಿತಿಯನ್ನು ಭಕ್ತಿಯಿಂದ ಪಾಲಿಸುತ್ತಿದ್ದರು. “ಯಲ್ಲಾ, ಸ್ವಲ್ಪ ಒತ್ತಿ,” ಎಂದೆ. “ಕ್ಯಾಮೆರಾ ಉಂಟು. ಈಗಲೇ ನಾವು ಪೊಲೀಸರ ಕಣ್ಣಿಗೆ ಬೀಳುದು ಬೇಡ,” ಎಂದರು. ಜೀವನದಲ್ಲಿ ಮೊದಲ ಸಲ ಅವರ ಮಾತನ್ನು ಒಪ್ಪಿಕೊಂಡೆ.

ಪ್ರಮೀಳಾ ಇನ್ನೂ ಹೊರಗಿನ ಸಾಲಿನಲ್ಲಿದ್ದಳು. ಟ್ರಾಲಿಯಲ್ಲಿ ಎಲ್ಲಕ್ಕಿಂತ ಮೇಲೆ, ಪೆಟ್ಟು ತಾಗದಂತೆ, ನನ್ನ ತಾಂಬೂಲದ ಚೀಲ. “ಅಯ್ಯೋ, ಕಳಿಸ್ಲಿಕ್ಕೆ ಬಂದ್ರಾ! ಈ ಬಿಸಿಲಲ್ಲಿ!” ಎಂದು ತಬ್ಬಿಕೊಂಡಳು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ಪ್ರಮೀಳಾ, ಆ ಚೀಲ ಸ್ವಲ್ಪ ಕೊಡು. ಎಲೆಗೆ ಕೀಟದ ಮದ್ದು ಹೊಡೆದಿದ್ದಾರಂತೆ.”

“ತಿನ್ಲಿಕ್ಕೆ ಅಲ್ಲ ಸಿಸ್ಟರ್, ಮಗಳ ಹರಿವಾಣದಲ್ಲಿ ಇಡ್ಲಿಕ್ಕೆ.”

“ಇಡುವುದೂ ಬೇಡ. ಕೊಡು.”

ನಿಜವಾದ ಶಬ್ದವನ್ನು ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತು ಉಚ್ಚರಿಸುವುದು ಹೇಗೆ? ಎಲೆಗಳನ್ನಷ್ಟೇ ತೆಗೆಯೋಣವೆಂದು ಚೀಲದೊಳಗೆ ಕೈಹಾಕಿದೆ. ಹಾಳಾದವು ರವಿಕೆ ಬಟ್ಟೆಯ ಮಡಿಕೆಯೊಳಗೆ ಎಲ್ಲೋ ಸೇರಿಕೊಂಡಿದ್ದವು. ನಾನು ಕೆದಕಿದೆ. ಸಾಲಿನವರು ನೋಡಿದರು. ಪ್ರಮೀಳಾಳ ಮುಖದಲ್ಲಿ ನಗು ಒಂದೊಂದೇ ಮೆಟ್ಟಿಲು ಇಳಿಯಿತು.

“ಮಗಳ ಕಾರ್ಯಕ್ಕೆ ಹೊರಟವಳಿಗೆ ಕೊಟ್ಟ ತಾಂಬೂಲ ವಾಪಸ್ ಕೇಳ್ತಿದ್ದೀರಿ ನೀವು. ಗೊತ್ತುಂಟಲ್ಲ ನಿಮಗೆ?”

“ಗೊತ್ತುಂಟು.”

“ಹಾಗಾದ್ರೆ ಪೂರಾ ತಗೊಳ್ಳಿ. ತೆಂಗಿನಕಾಯಿ ಸಮೇತ.”

ಅಷ್ಟರಲ್ಲಿ ಸಮವಸ್ತ್ರದ ಒಬ್ಬ ಯುವಕ ಹತ್ತಿರ ಬಂದ. “ಮಾಮಾ, ಎನಿ ಪ್ರಾಬ್ಲಂ?” ಇಲ್ಲಿಯವರಿಗೆ ವಯಸ್ಸಾದ ಹೆಂಗಸರೆಲ್ಲ ಮಾಮಾ. ನನ್ನ ಕೈಯಲ್ಲಿ ಚೀಲ, ಚೀಲದಲ್ಲಿ ಎಲೆ. “ಮಾಫಿ, ಮಾಫಿ ಪ್ರಾಬ್ಲಂ,” ಎಂದು ನನಗೆ ಬರುವ ಅರಬಿಯಲ್ಲಿ ಏನೂ ತೊಂದರೆಯಿಲ್ಲವೆಂದೆ. ಅವನು ವಯಸ್ಸಾದ ಹೆಂಗಸೆಂದು ಕನಿಕರಿಸಿ ಚೀಲವನ್ನು ತಾನೇ ಎತ್ತಿಕೊಂಡು ಕಾರಿನವರೆಗೆ ತಂದುಕೊಟ್ಟ. ತಿರುಗಿ ನೋಡಿದೆ. ಪ್ರಮೀಳಾ ತಿರುಗಲಿಲ್ಲ.

ಮನೆಗೆ ಬಂದರೆ ಫ್ಲೋರಾ ನಮ್ಮ ಸೋಫಾದ ತುದಿಯಲ್ಲಿ, ಮಡಿಲಲ್ಲಿ ಆ ನೇಯ್ದ ಚೀಲ ಇಟ್ಟುಕೊಂಡು ಕುಳಿತಿದ್ದರು. ಮಗಳನ್ನು ಏನೋ ಕೇಳಿದರು. ನಿಲ್ದಾ ನೆಲ ನೋಡುತ್ತ ಹೇಳಿದಳು: “ಎಲೆಯಲ್ಲಿ ಕೊರತೆ ಇತ್ತಾ ಅಂತ ಕೇಳ್ತಿದ್ದಾಳೆ. ಒಡೆದ ಎಲೆ ಒಂದೂ ಕೊಟ್ಟಿಲ್ಲವಂತೆ. ಇಲ್ಲಿಯ ನೆಲಕ್ಕೆ ಮೂರು ಎಲೆ ಕೊಟ್ಟು, ನನ್ನ ಮಗಳನ್ನು ನೋಡಿಕೋ ಅಂತ ಹೇಳಲಿಕ್ಕೇ ತಂದಿದ್ದಂತೆ.”

ಎಲೆಯಲ್ಲಿ ಕೊರತೆಯಿಲ್ಲವೆಂದು ತಲೆಯಾಡಿಸಿದೆ, ಆದರೆ ಕಾನೂನು ಕಾನೂನೇ. ಕೆಟ್ಟ ಮದ್ದನ್ನು ನಾಶಮಾಡುವಾಗ ಒಬ್ಬರು ಸಾಕ್ಷಿ ಇರಬೇಕೆಂಬುದು ವಾರ್ಡಿನ ನಿಯಮ. ಫ್ಲೋರಾರನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು, ಕಲಶದ ಮುಂದಿನ, ಹಂಚದೆ ಉಳಿದ, ವಾಪಸ್ ಬಂದ ಎಲೆಗಳ ಜೊತೆ ಆ ನೇಯ್ದ ಚೀಲದಲ್ಲಿದ್ದುದನ್ನೂ ಕಮೋಡಿಗೆ ಸುರಿದು ನೀರು ಬಿಟ್ಟೆ. ಒಣಗಿದ ಎಲೆ ಮುಳುಗುವುದಿಲ್ಲ. ನೀರು ಹೋಯಿತು, ಎಲೆಗಳು ಸುತ್ತಾಡಿ ಮೇಲೆ ಬಂದವು. ಮತ್ತೆ ಬಿಟ್ಟೆ, ಮತ್ತೆ ಬಂದವು. ಬಕೆಟ್ಟಿನಿಂದ ಹೊಯ್ದೆ. ಆಕೆ ತಡೆಯಲಿಲ್ಲ. ಬಗ್ಗಿ, ತೇಲುತ್ತಿದ್ದ ಎಲೆಗಳ ಮೇಲೆ ಮೆಲ್ಲಗೆ ಉಸಿರು ಊದಿದರು, ಏನೋ ಪಿಸುಗುಟ್ಟಿದರು. ವರಮಹಾಲಕ್ಷ್ಮಿಯ ದಿನ ಶುದ್ಧ ರೇಷ್ಮೆ ಸೀರೆಯುಟ್ಟ ನಾನು ಕಮೋಡಿನ ಮುಂದೆ ಕೈಮುಗಿದು ನಿಂತೆ. ಎಲೆಗಳು ಹೋದವು. ಖಾಲಿ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಫ್ಲೋರಾ ಹೋದರು.

ರಾತ್ರಿ ಯಜಮಾನರು, “ಪ್ರಮೀಳಾಗೆ ಫೋನ್ ಮಾಡಿ ನಿಜ ಹೇಳಿಬಿಡು,” ಎಂದರು. “ಆ ಹೆಸರು ಫೋನಿನಲ್ಲಿ ಹೇಳ್ತೀರಾ?” ಎಂದೆ. ಅವರು ಟೀವಿ ಹಾಕಿದರು. ಅವಳು ಊರಿಗೆ ಸುಖವಾಗಿ ಮುಟ್ಟಿದಳೆಂದು ಝುಬೈದಾಳಿಂದ ತಿಳಿಯಿತು. ನನಗೆ ಮಾತ್ರ ಸುದ್ದಿ ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳನ್ನು ಜೈಲಿನಿಂದ ಉಳಿಸಿದೆನೆಂಬ ಸಂಗತಿ ಅವಳೊಬ್ಬಳನ್ನು ಬಿಟ್ಟು ಈಗ ನಿಮಗೆಲ್ಲರಿಗೂ ಗೊತ್ತು.

ವಾಪಸ್ ಬಂದ ತೆಂಗಿನಕಾಯಿ ಉಳಿಯಿತು. ದೇವರಿಗೆ ಮತ್ತೆ ಇಡುವ ಹಾಗಿಲ್ಲ, ಬೇರೆಯವರಿಗೆ ಕೊಡುವ ಹಾಗಿಲ್ಲ, ಎಸೆಯಲು ನನ್ನ ಶಿಸ್ತು ಬಿಡುವುದಿಲ್ಲ. ಒಡೆದೆ. ಒಳ್ಳೆಯ ಕಾಯಿ. ತುರಿದು, ಹಸಿಮೆಣಸು ಹಾಕಿ ಚಟ್ನಿ ಅರೆದೆ; ದೋಸೆಗೆ ಹಾಕಿಕೊಂಡು ಇಬ್ಬರೂ ತಿಂದೆವು. ಯಜಮಾನರು ಇನ್ನೊಂದು ಸಲ ಬಡಿಸಿಕೊಂಡರು, ನಾನೂ ಬಡಿಸಿಕೊಂಡೆ. ಆಮೇಲೆ ತುರಿಮಣೆ ತೊಳೆದು, ಒರೆಸಿ, ಅದರ ಜಾಗದಲ್ಲಿ ಇಟ್ಟೆ.