ಮಾವನ ಮೂರು ದಿನದ ತರಬೇತಿ

ನಮ್ಮ ಸೋದರಮಾವನಂಥ ಮೇಷ್ಟ್ರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಈ ಮಾತನ್ನು ಅವರೇ ಹೇಳಿದ್ದು! ಮೆಡಿಕಲ್ ಕಾಲೇಜಿನಲ್ಲಿ ಇಪ್ಪತ್ತೈದು ವರ್ಷ ಪಾಠ ಹೇಳಿದ ಅವರನ್ನು, ಪಾಠ ಹೇಳುವುದು ಹೇಗೆಂದು ಕಲಿಯಲು ಕಾಲೇಜಿನವರು ಮೂರು ದಿನದ ತರಬೇತಿಗೆ ಕಳಿಸಿದರು. “ಮೀನಿಗೆ ಈಜು ಕಲಿಸ್ತಾರಂತ!” ಎಂದು ಸಿಡುಕುತ್ತ ಹೋದವರು, ಬರುವಾಗ ಹೊಸ ದೀಕ್ಷೆ ಪಡೆದವರಂತೆ ಬಂದರು.

ತಾಂಡೂರಿನ ತಮ್ಮ ಮನೆಗೆ ಹೋಗುವ ದಾರಿಯಲ್ಲಿ, ಜಹೀರಾಬಾದಿನ ನಮ್ಮಲ್ಲಿ ಒಂದು ಕಪ್ ಚಹಾಕ್ಕೆಂದು ಇಳಿದರು. ಅಷ್ಟರಲ್ಲಿ ಪ್ರತ್ಯೇಕ ರಾಜ್ಯ ಬೇಕೆಂದು ತೆಲಂಗಾಣ ಬಂದ್! ಬಸ್ಸುಗಳು ನಿಂತವು. ಮಾವ ನಾಲ್ಕು ದಿನ ನಮ್ಮ ಪಾಲಾದರು.

ಹೇಳಿದರೆ ಪಾಠವಲ್ಲ, ಕೇಳಿದವರು ತಿರುಗಿ ಹೇಳಿದರೆ ಪಾಠ. ಇದು ಅವರ ಹೊಸ ಮಂತ್ರ. “ಚಹಾಕ್ಕ ಸಕ್ಕರಿ ಕಮ್ಮಿ ಹಾಕವಾ. ಈಗ ನಾ ಏನ್ ಹೇಳ್ದೆ?” ಎಂದು ನನ್ನ ಹೆಂಡತಿಯನ್ನು ಕೇಳುವರು. ಅವಳು ತಿರುಗಿ ಹೇಳಿ ಮುಗಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು!

ಮೂರನೆಯ ದಿನ ಹೆದ್ದಾರಿಯ ಧರಣಿ ಟೆಂಟಿಗೂ ಹೋದರು. ಭಾಷಣ ಮುಗಿಸಿದ ಮುಖಂಡನಿಗೆ, “ಬರೋಬ್ಬರಿ ಮಾತಾಡಿದ್ರಿ. ಆದ್ರ ಕೇಳಿದೋರಿಗೆ ಏನ್ ತಿಳೀತು, ಕೇಳಿ ನೋಡೀರೇನು?” ಎಂದರು.

“ಈಗೇ ಕೇಳೋಣ್ರಿ ಡಾಕ್ಟರ್ ಸಾಬ್!” ಆತ ಮೈಕು ಹಿಡಿದು, ಏನು ಬೇಕೆಂದು ಜನರನ್ನು ತೆಲುಗಿನಲ್ಲಿ ಕೇಳಿದ. “ತೆಲಂಗಾಣ!” ಎಂಬ ಕೂಗಿಗೆ ಟೆಂಟೇ ಅಲುಗಿತು. “ನಿಮ್ಮ ಕ್ಲಾಸಿನ್ಯಾಗ ಹಿಂಗ ಹೇಳ್ತಾರೇನ್ರಿ?” ಎಂದು ಮಾವನತ್ತ ತಿರುಗಿದ.

ಮಾವ ಮನೆಯ ಹಾದಿ ಹಿಡಿದರು.

ಮರುದಿನ ಬಸ್ಸುಗಳು ಓಡತೊಡಗಿದವು. ಹೊರಡುವ ಮುಂಚೆ ಮಾವ ಚೀಲ ಹೆಗಲಿಗೇರಿಸಿಕೊಂಡೇ ಅವ್ವನ ಮುಂದೆ ನಿಂತರು. ಅವ್ವನಿಗೆ ಸಕ್ಕರೆ ಕಾಯಿಲೆ. ವರ್ಷದ ಹಿಂದೆ ಗುಳಿಗೆ ಬರೆದುಕೊಟ್ಟವರು ಮಾವನೇ. ಈಚೆಗೆ ಅವಳ ಕಾಲಿನ ಗಾಯ ಮಾಯುತ್ತಲೇ ಇರಲಿಲ್ಲ.

“ಅಕ್ಕಾ, ಗುಳಿಗಿ ಹೆಂಗ್ ತಗೋಬೇಕು ಅಂದಿದ್ದೆ? ತಿರುಗಿ ಹೇಳು.”

“ಸಿಹಿ ತಿಂದ ದಿನ ಒಂದು. ಹಬ್ಬಕ್ಕ ಹೋಳಿಗಿ ತಿಂದ್ರ ತಪ್ಪಸಾಂಗಿಲ್ಲಪಾ ನಾ!”

ನಾನು ನಗಲು ಬಾಯಿ ತೆರೆದವನು ಮಾವನ ಮುಖ ನೋಡಿ ಮುಚ್ಚಿಕೊಂಡೆ.

“ದಿನಾ ಎರಡು ಅಂದಿದ್ನಲ್ಲಕ್ಕಾ... ತಿಳೀದಿದ್ರ ಕೇಳಬಾರದೇನು?”

“ನೀ ಅವತ್ತ ಎಷ್ಟು ಚೆಂದ ಹೇಳಾಕತ್ತಿದ್ದಿ! ನನ್ನ ತಮ್ಮ ಎಷ್ಟು ಶಾಣ್ಯಾ ಆಗ್ಯಾನ ಅಂತ ನಿನ್ನ ಮಾರಿ ನೋಡ್ಕೋತ ಕುಂತಿದ್ದೆ.”

ಆ ಗಾಯ ಮುಂದೆ ಮೆಲ್ಲಗೆ ಮಾಯಿತು. ಅಂದು ಮಾತ್ರ ಮಾವ ಚೀಲ ಕೆಳಗಿಟ್ಟು ನೆಲಕ್ಕೆ ಕುಳಿತರು. ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಗಾಯದ ಬಟ್ಟೆ ಬಿಚ್ಚುತ್ತ, ಸಣ್ಣ ದನಿಯಲ್ಲಿ ಮೊದಲಿನಿಂದ ಹೇಳತೊಡಗಿದರು. ತಾಂಡೂರಿನ ಬಸ್ಸು ಅವರನ್ನು ಬಿಟ್ಟು ಹೋಯಿತು.